ಎಂಟು ದಿನದ ನೀಲ

ಬೀರು ಒಪ್ಪ ಮಾಡಲು ಕೂತವರು ಆ ಕೆಲಸ ಮುಗಿಸಿ ಎದ್ದದ್ದನ್ನು ನಾನಂತೂ ಕಂಡಿಲ್ಲ. ಹಳೇ ಸೀರೆಯ ಮಡಿಕೆಯಲ್ಲಿ ಯಾರದೋ ಲಗ್ನಪತ್ರಿಕೆ ಸಿಗುತ್ತದೆ. ಆ ಮದುವೆಯಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡು ಊಟ ಬಿಟ್ಟು ಎದ್ದರು ಎಂಬುದು ನೆನಪಾಗುತ್ತದೆ. ಅಷ್ಟರಲ್ಲಿ ಕುಕ್ಕರ್ ಬೇಡದಷ್ಟು ಸಲ ಕೂಗಿರುತ್ತದೆ. ಈ ಸಲ ಯುಗಾದಿಗೆ ಮುಂಚೆ ಬನಶಂಕರಿಯ ನಮ್ಮ ಮನೆಯಲ್ಲಿ ನಾನು ಅವ್ವನ ಬೀರುವಿನ ಮುಂದೆ ಹೀಗೆ ಕೂತಿದ್ದೆ. ಅವ್ವನಿಗೆ ಎಂಬತ್ತು ಹತ್ತಿರ ಬಂತು. ಅಪ್ಪ ಹೋದ ಮೇಲೆ ನನ್ನ ಜೊತೆಗೇ ಇದ್ದಾಳೆ. ಅವಳ ಬೀರುವಿಗೆ ನಾನು ಕೈ ಹಾಕಬೇಕಾದರೆ ಅವಳು ಮಂಚದ ಮೇಲೆ ಕೂತು ಉಸ್ತುವಾರಿ ನೋಡಬೇಕು ಎಂಬುದು ನಮ್ಮಿಬ್ಬರ ಒಪ್ಪಂದ.

ಕೆಳಗಿನ ಖಾನೆಯ ಮೂಲೆಯಲ್ಲಿ ಒಂದು ಸ್ಟೀಲಿನ ಕುಂಕುಮದ ಡಬ್ಬಿ ಇತ್ತು. ಅದರೊಳಗೆ ಬಣ್ಣ ಮಾಸಿದ ನೀಲಿ ಬಟ್ಟೆಯ ಒಂದು ಪುಟ್ಟ ಗಂಟು. ಏನೋ ಒಡವೆ ಇರಬೇಕೆಂದು ಆಸೆಯಿಂದ ಉಗುರಿನಲ್ಲಿ ಬಿಡಿಸಿದರೆ ಒಳಗೆ ಒಂದೇ ಒಂದು ಹುಣಸೆ ಬೀಜ.

"ಇದ್ಯಾಕವ್ವ, ಹುಣಸೆ ಬೀಜಾನ ಗಂಟು ಕಟ್ಟಿ ಮಡಗಿದೀಯ?" ಎಂದೆ. ಆಫೀಸಿನಲ್ಲಿ ಅಚ್ಚುಕಟ್ಟಾಗಿ ‘ಇಟ್ಟಿದ್ದೀರಿ’ ಎನ್ನುವ ನನ್ನ ಬಾಯಿ ಅವ್ವನ ಮುಂದೆ ಮಾತ್ರ ಸೀದಾ ನಮ್ಮೂರು ಸಾರಕ್ಕಿಗೆ ಓಡಿಬಿಡುತ್ತದೆ.

ಅವ್ವ ಕನ್ನಡಕ ಸರಿಮಾಡಿಕೊಂಡು ನೋಡಿದಳು. ಆಮೇಲೆ, ಕದ್ದು ಬೆಲ್ಲ ತಿಂದು ಸಿಕ್ಕಿಬಿದ್ದ ಮಕ್ಕಳ ಹಾಗೆ ನಕ್ಕಳು.

"ಅದಾ? ಅದೇ ಕಣೆ, ನಿಮ್ಮಪ್ಪನ ನೀಲ."

ಅಪ್ಪನ ನೀಲದ ಹರಳಿನ ಕತೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ನನಗಂತೂ ಪೂರ್ತಿ ಗೊತ್ತು ಎಂದೇ ಇಷ್ಟು ವರ್ಷ ತಿಳಿದಿದ್ದೆ. ಮೊದಲು ನನಗೆ ಗೊತ್ತಿದ್ದಷ್ಟನ್ನು ಹೇಳಿಬಿಡುತ್ತೇನೆ. ಹುಣಸೆ ಬೀಜ ಎಲ್ಲಿಗೂ ಓಡಿಹೋಗುವುದಿಲ್ಲ.

ನಾವು ಸಾರಕ್ಕಿಯವರು. ಈಗ ಜೆ.ಪಿ. ನಗರದಲ್ಲಿ ಕಾಫಿ ಕುಡಿಯಲು ಸಾಲುನಿಲ್ಲುವ ಜಾಗದಲ್ಲಿ ನಮ್ಮ ತಾತನ ಕಾಲಕ್ಕೆ ರಾಗಿ ಹೊಲ ಇತ್ತು. ಹೊಲ ಹೋಗಿ ಲೇಔಟು ಬಂತು. ಅಪ್ಪ ರಾಗಿ ಬೆಳೆಯುವುದನ್ನು ಬಿಟ್ಟು ಬಾಡಿಗೆದಾರರನ್ನು ಬೆಳೆಯತೊಡಗಿದ. ಉಳಿದ ಜಾಗದಲ್ಲಿ ಸಾಲಾಗಿ ನಾಲ್ಕು ಹೆಂಚಿನ ಮನೆ, ಹಿಂದೆ ಕೊಟ್ಟಿಗೆಯಲ್ಲಿ ಹಳೇ ಬದುಕಿನ ಗುರುತಿಗೆ ಒಂದು ಹಸು. ಮಳೆ ಬಂದೀತೇ ಎಂದು ಆಕಾಶ ನೋಡುತ್ತಿದ್ದ ಮನುಷ್ಯ ಈಗ ಬಾಡಿಗೆದಾರರು ಖಾಲಿ ಮಾಡಿಯಾರೇ ಎಂದು ಅವರ ಬಾಗಿಲು ನೋಡುತ್ತಿದ್ದ. ಚಿಂತೆ ಅಷ್ಟೇ ಇತ್ತು, ನೋಡುವ ದಿಕ್ಕು ಮಾತ್ರ ಬದಲಾಗಿತ್ತು.

ನನಗೆ ಹತ್ತು ವರ್ಷವಿದ್ದಾಗ ಅಪ್ಪನಿಗೆ ಏಳೂವರೆ ವರ್ಷದ ಶನಿಕಾಟ ಶುರುವಾಗಿದೆ ಎಂದು ಜೋಯಿಸರೊಬ್ಬರು ಹೇಳಿದರು. ಪ್ರತಿ ಶನಿವಾರ ಎಳ್ಳು ಬತ್ತಿ ಹಚ್ಚುವುದು ಆಯಿತು, ಎಳ್ಳೆಣ್ಣೆ ದಾನವೂ ಆಯಿತು. ಕೊನೆಗೆ, ‘ಒಂದು ನೀಲ ಧರಿಸಿ’ ಎಂದರು. ಅಪ್ಪ ನಮ್ಮನ್ನು ಕರೆದುಕೊಂಡು ಜಯನಗರ ನಾಲ್ಕನೇ ಬ್ಲಾಕಿನ ಶೆಟ್ಟರ ಒಡವೆ ಅಂಗಡಿಗೆ ಹೊರಟ. ಅವ್ವ ಜೊತೆಗೆ ಬಂದದ್ದು ಅಲ್ಲಿನ ಶಾಪಿಂಗ್ ಕಾಂಪ್ಲೆಕ್ಸಿನಲ್ಲಿ ಬಳೆ ಕೊಳ್ಳಲು. ನಾನು ಬಂದದ್ದು, ನನ್ನನ್ನು ಬಿಟ್ಟು ಹೋದರೆ ಬೀದಿಗೆಲ್ಲ ಕೇಳುವ ಹಾಗೆ ಅಳುತ್ತಿದ್ದೆ ಎಂಬ ಕಾರಣಕ್ಕೆ.

ನೀಲ ಕೊಳ್ಳುವ ಪದ್ಧತಿ ಗೊತ್ತಿಲ್ಲದವರಿಗೆ ಎರಡು ಮಾತು. ಹವಳವೋ ಮುತ್ತೋ ಆದರೆ ಕೊಂಡ ದಿನವೇ ಬೆರಳಿಗೆ ಹಾಕಿಕೊಳ್ಳಬಹುದು. ನೀಲ ಹಾಗಲ್ಲ. ಅದು ಆಗಿ ಬರಬೇಕು. ಅಂಗಡಿಯವರು ಕಲ್ಲನ್ನು ಮೊದಲು ನಂಬಿಕೆಯ ಮೇಲೆ ಮನೆಗೆ ಕೊಡುತ್ತಾರೆ. ನೀಲಿ ಬಟ್ಟೆಯಲ್ಲಿ ಗಂಟು ಕಟ್ಟಿ ಎಂಟು ದಿನ ಬಲತೋಳಿಗೆ ಕಟ್ಟಿಕೊಂಡು ನೋಡಬೇಕು. ಒಳ್ಳೆಯದಾದರೆ ಉಂಗುರ ಮಾಡಿಸುವುದು, ಕೆಟ್ಟದ್ದಾದರೆ ವಾಪಸು. ಅಳಿಯನನ್ನು ಆರಿಸುವಾಗಲೂ ನಮ್ಮವರು ಇಷ್ಟು ಎಚ್ಚರ ವಹಿಸುವುದನ್ನು ನಾನು ನೋಡಿಲ್ಲ.

ಶೆಟ್ಟರು ಬಿಳಿ ಕಾಗದದ ಮಡಿಕೆಯೊಂದನ್ನು ಬಿಡಿಸಿದರು. "ಸಿಲೋನ್ ಮಾಲು ಗೌಡ್ರೆ. ಇಂಥಾ ಬಣ್ಣ ವರ್ಷಕ್ಕೆ ಒಂದು ಬಂದ್ರೆ ಹೆಚ್ಚು" ಎಂದರು. ಅಪ್ಪ ಒಮ್ಮೆ ನೋಡಿ ತಲೆಯಾಡಿಸಿದ. ಅವ್ವ ಮಾತ್ರ ಬಗ್ಗಿ ನೋಡಿದವಳು ಬಗ್ಗಿಯೇ ಇದ್ದಳು.

ಇಲ್ಲಿ ನೀಲಿಯ ಬಗ್ಗೆ ಸ್ವಲ್ಪ ಹೇಳಲೇಬೇಕು. ನೀವೇ ಮನೆಯೊಳಗೆ ಒಮ್ಮೆ ಸುತ್ತಿ ಬನ್ನಿ. ಅಡುಗೆಮನೆಯಲ್ಲಿ ಅರಿಸಿನವಿದೆ, ಮೆಣಸಿನಕಾಯಿ ಇದೆ, ಸೊಪ್ಪಿದೆ, ಬೀಟ್‌ರೂಟ್ ಕೂಡ ಇದೆ. ನೀಲಿ ಎಲ್ಲಿದೆ? ತಿನ್ನುವ ವಸ್ತುವಿನಲ್ಲಿ ನೀಲಿ ಕಂಡರೆ ಅದು ಬೂಷ್ಟು ಹಿಡಿದಿದೆ ಎಂದು ಅರ್ಥ. ನೇರಳೆ ಹಣ್ಣು ನೀಲಿಯಂತೆ ನಟಿಸಿ ನಾಲಿಗೆಯ ಮೇಲೆ ಬೇರೆಯೇ ಬಣ್ಣ ಬಿಡುತ್ತದೆ. ಬೇಲಿಯ ಮೇಲಿನ ಶಂಖಪುಷ್ಪ ಸಂಜೆಗೆ ಮುದುರಿಕೊಳ್ಳುತ್ತದೆ. ಆಕಾಶವೊಂದು ಇದೆ, ನಿಜ, ಆದರೆ ಅದನ್ನು ಕೈಗೆ ತೆಗೆದುಕೊಂಡು ನೋಡುವ ಹಾಗಿಲ್ಲ. ನಮ್ಮಂಥವರ ಮನೆಯಲ್ಲಿ ನೀಲಿ ಎಂದರೆ ಬಿಳಿ ಪಂಚೆಗೆ ಹಾಕುವ ನೀಲಿ ಪುಡಿ, ಅಷ್ಟೇ. ಅವ್ವನಿಗೆ ಅದೂ ಇಷ್ಟ. ಬಕೆಟಿನ ನೀರಿನಲ್ಲಿ ಪುಡಿ ಉದುರಿಸಿ, ಅದು ಎಳೆಎಳೆಯಾಗಿ ಇಳಿಯುವುದನ್ನು ನೋಡುತ್ತ ಕೂತು ಅಜ್ಜಿಯ ಕೈಲಿ ಬೈಸಿಕೊಳ್ಳುತ್ತಿದ್ದಳು. ಅಪ್ಪನ ತಾಯಿ, ನಮ್ಮಜ್ಜಿ, ಅವ್ವನಿಗೆ ಒಂದು ನೀಲಿ ಸೀರೆ ಉಡಲು ಬಿಟ್ಟವಳಲ್ಲ. ಅದು ಶನಿಯ ಬಣ್ಣ, ಮುತ್ತೈದೆಗೆ ಹೇಳಿದ್ದಲ್ಲ ಎನ್ನುತ್ತಿದ್ದಳು. ಬಳೆ ಹಸಿರು, ಕುಂಕುಮ ಕೆಂಪು, ಧಾರೆ ಸೀರೆ ಅರಿಸಿನ. ಅವ್ವನ ಪಾಲಿಗೆ ಬಂದ ಬಣ್ಣಗಳು ಇಷ್ಟು.

ಆ ದಿನ ಶೆಟ್ಟರ ಗಲ್ಲಾದ ಮುಂದೆ ಅವ್ವ ಮೆಲ್ಲಗೆ, "ಎಷ್ಟು ಚೆನ್ನಾಗದೆ ಅಲ್ವಾ?" ಎಂದಳು.

"ಅದು ಚೆನ್ನಾಗಿರಾಕಲ್ಲ ಕಣೆ, ಶನಿಗೆ" ಎಂದು ಅಪ್ಪ ಕಾಗದ ಮಡಿಸಿ ಜೇಬಿಗಿಟ್ಟ.

ಅವ್ವ ಕಾಂಪ್ಲೆಕ್ಸಿನಲ್ಲಿ ಒಂದು ಡಜನ್ ಹಸಿರು ಬಳೆ ಕೊಂಡಳು. ಅವಳಿಗೆ ಆ ಕಲ್ಲು ಬೇಕು ಎಂಬುದು ಹತ್ತು ವರ್ಷದ ನನಗೇ ಗೊತ್ತಾಗಿತ್ತು. ಅಪ್ಪನಿಗೆ ಆಗಿ ಬಂದರೆ ಉಂಗುರವಾಗಿ ಮನೆಯಲ್ಲಿ ಉಳಿಯುತ್ತದೆ, ದಿನವೂ ಕಣ್ಣಿಗೆ ಬೀಳುತ್ತದೆ ಎಂಬುದೇ ಅವಳ ಆಸೆಯಾಗಿತ್ತು.

ಮರುದಿನದಿಂದ ನಮ್ಮ ಮನೆಯಲ್ಲಿ ನಡೆದದ್ದೆಲ್ಲ ಕಲ್ಲಿನ ಖಾತೆಗೆ ಸೇರಿತು. ಹಸು ಹಾಲಿನ ಪಾತ್ರೆ ಒದೆಯಿತು. ಅದು ವಾರಕ್ಕೆ ಎರಡು ಸಲ ಒದೆಯುತ್ತಲೇ ಇತ್ತು, ಆದರೆ ಈ ಸಲ ಒದ್ದದ್ದು ನೀಲ. ಬಾವಿಯ ಮೋಟಾರು ಸುಟ್ಟಿತು. ಮೂರನೇ ಮನೆಯ ಮೇಷ್ಟರು ವರ್ಗವಾಗಿದೆ, ಮನೆ ಖಾಲಿ ಮಾಡುತ್ತೇವೆ ಎಂದರು. ಅಪ್ಪ ಬನಶಂಕರಿ ಬಸ್‌ಸ್ಟಾಪಿನ ಹತ್ತಿರ ಸೈಕಲ್ಲಿನಿಂದ ಬಿದ್ದು ಮಂಡಿ ತರಚಿಕೊಂಡು ಬಂದ. ಬಂದವನೇ ಗಾಯ ನೋಡಿಕೊಳ್ಳಲಿಲ್ಲ, ತೋಳಿನ ಗಂಟು ನೋಡಿಕೊಂಡ.

ಎಂಟನೆಯ ದಿನ ಬೆಳಿಗ್ಗೆ ಅಪ್ಪ ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿ ಪಂಚಾಯಿತಿ ಮಾಡಿದ. ಅಜ್ಜಿ ಹಸುವಿನ ಪರವಾಗಿ ಮಾತಾಡಿದಳು. ಅವ್ವ, "ಇನ್ನೊಂದು ವಾರ ನೋಡ್ಬೋದಲ್ವಾ?" ಎಂದಳು. ಅಪ್ಪನ ಮನಸ್ಸು ಇನ್ನೂ ಓಲಾಡುತ್ತಿತ್ತು. ನನ್ನ ಕಡೆ ತಿರುಗಿ, "ನಿಂಗೇನಾದ್ರೂ ಆಯ್ತೇನವ್ವ ಈ ವಾರ?" ಎಂದ.

ಆಯಿತು. ನನ್ನ ಬಳಿ ಲೆಕ್ಕದ ಟೆಸ್ಟಿನ ಪೇಪರು ಒಂದಿತ್ತು. ನೂರಕ್ಕೆ ಹತ್ತೊಂಬತ್ತು. ಶಾಲೆಯ ಲೆಕ್ಕದ ಮೇಷ್ಟರು ಕೆಂಪು ಶಾಯಿಯಲ್ಲಿ ಅದರ ಸುತ್ತ ಎರಡು ಸಲ ಸುತ್ತಿದ್ದರು, ಒಂದು ಸಲಕ್ಕೆ ಸಿಟ್ಟು ತೀರಿರಲಿಲ್ಲ ಎಂದು ಕಾಣುತ್ತದೆ. ಅಪ್ಪನ ಸಹಿ ಬೇಕಿತ್ತು, ಕೇಳಲು ಧೈರ್ಯವಿರಲಿಲ್ಲ. ಇದಕ್ಕಿಂತ ಒಳ್ಳೆಯ ಗಳಿಗೆ ಇನ್ನು ಸಿಗದು ಎನಿಸಿತು. ಓಡಿ ಹೋಗಿ ಪೇಪರು ತಂದು ಅಪ್ಪನ ಮುಂದೆ ಹಿಡಿದು, ಕಣ್ಣಲ್ಲಿ ನೀರು ತಂದುಕೊಂಡು, "ಅಪ್ಪಾ, ನೀಲ!" ಎಂದೆ.

ಅಪ್ಪ ಬೈಯಲಿಲ್ಲ. ನನ್ನ ತಲೆ ಸವರಿ ಸಹಿ ಹಾಕಿಕೊಟ್ಟ. "ಮಗೂನೂ ಬಿಡ್ಲಿಲ್ಲವಲ್ಲ ಇದು" ಎಂದು ಅವತ್ತೇ ಜಯನಗರಕ್ಕೆ ಹೋಗಿ, "ನಮ್ಗೆ ಇದು ಆಗಿ ಬರಾಕಿಲ್ಲ ಶೆಟ್ರೆ" ಎಂದು ಕಲ್ಲು ಕೊಟ್ಟು ಬಂದ. ಆ ಟೆಸ್ಟು ನಡೆದದ್ದೂ ಪೇಪರು ಕೈಗೆ ಬಂದದ್ದೂ ನೀಲ ನಮ್ಮ ಮನೆಗೆ ಕಾಲಿಡುವ ಹಿಂದಿನ ವಾರ. ಅದು ಅಷ್ಟು ದಿನ ರಾಗಿ ಮೂಟೆಯ ಸಂದಿಯಲ್ಲಿತ್ತು. ಈ ವಿಷಯವನ್ನು ನಾನು ಯಾರಿಗೂ ಹೇಳಿರಲಿಲ್ಲ, ನನ್ನನ್ನು ಮದುವೆಯಾದವರಿಗೂ.

ಈಗ ಹುಣಸೆ ಬೀಜಕ್ಕೆ ಬರೋಣ. ಮಂಚದ ಮೇಲೆ ಕೂತ ಅವ್ವ ಹೇಳಿದ್ದು ಇಷ್ಟು.

ಅಪ್ಪ ಸ್ನಾನಕ್ಕೆ ಹೋಗುವಾಗ ತೋಳಿನ ಗಂಟನ್ನು ಬಿಚ್ಚಿ ಬಚ್ಚಲ ಗೂಡಿನಲ್ಲಿ ಇಡುತ್ತಿದ್ದ. ಮೊದಲ ದಿನವೇ ಅವ್ವ ಒಂದು ಸಲ ನೋಡಿ ಇಟ್ಟುಬಿಡೋಣ ಎಂದು ಗಂಟು ಬಿಡಿಸಿದಳು. ನೋಡಿದ ಮೇಲೆ ಇಡಲು ಮನಸ್ಸು ಬರಲಿಲ್ಲ. ಹೊಸ ಹುಣಸೆ ಹಣ್ಣು ಬಿಡಿಸುವ ಕಾಲ, ಜಗಲಿಯ ತುಂಬ ಬೀಜ. ಕಲ್ಲಿನಷ್ಟೇ ದಪ್ಪದ್ದೊಂದನ್ನು ಆರಿಸಿ ಗಂಟು ಕಟ್ಟಿ ಗೂಡಿನಲ್ಲಿಟ್ಟಳು. ನೀಲವನ್ನು ತನ್ನ ಸೆರಗಿನ ತುದಿಗೆ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಎಂಟನೆಯ ದಿನ ಅಪ್ಪ ಬಿಚ್ಚಿಕೊಟ್ಟ ಗಂಟನ್ನು ಒಳಗೆ ಒಯ್ದು, ಕಲ್ಲನ್ನು ಬೇರೆ ಬಟ್ಟೆಯಲ್ಲಿ ಕಟ್ಟಿ ಅಪ್ಪನ ಕೈಗೆ ಕೊಟ್ಟಳು. ಬೀಜದ ಗಂಟು ಅವಳ ಬಳಿಯೇ ಉಳಿಯಿತು.

ಅಂದರೆ ಮೋಟಾರು ಸುಟ್ಟಿದ್ದು, ಮೇಷ್ಟರು ಹೋದದ್ದು, ಮಂಡಿ ತರಚಿದ್ದು ಎಲ್ಲವೂ ಹುಣಸೆ ಬೀಜದ ಪ್ರಭಾವ! ನಾನು ನಕ್ಕು ನಕ್ಕು ಬೀರುವಿಗೆ ಒರಗಿಕೊಂಡೆ. ಸಾಕಾಗುವಷ್ಟು ನಕ್ಕ ಮೇಲೆ, "ಮತ್ತೆ ನಿಂಗೆ? ಕಲ್ಲು ಇದ್ದಿದ್ದು ನಿನ್ನತ್ರ ತಾನೆ. ನಿಂಗೇನಾಯ್ತು ಆ ಎಂಟು ದಿನ?" ಎಂದೆ.

"ನಂಗಾ?" ಅವ್ವ ಬೀಜದ ಗಂಟನ್ನು ನನ್ನ ಕೈಯಿಂದ ತೆಗೆದುಕೊಂಡಳು. "ಎಲ್ಲಾರೂ ಆಚೆ ಹೋದ್ಮೇಲೆ ಹಿತ್ತಲ ಒಗೆಯೋ ಕಲ್ಲಿನ ಮೇಲೆ ಕೂತ್ಕಂಡು ಬಿಸಿಲಿಗೆ ಹಿಡೀತಿದ್ದೆ. ನೆಳ್ಳಲ್ಲಿ ಶಾಯಿ ತರ ಇರೋದು, ಬಿಸಿಲು ಬಿದ್ದೇಟ್ಗೆ ಒಳಗೆ ಯಾರೋ ದೀಪ ಹಚ್ಚಿದಂಗೆ ಆಗೋದು. ಅಷ್ಟೇ ಕಣೆ. ಇನ್ನೇನೂ ಆಗ್ಲಿಲ್ಲ. ಮದ್ವೆ ಆದ್ಮೇಲೆ ಅಷ್ಟು ಖುಷಿಯಾಗಿದ್ದಿದ್ದು ಅದೇ ಒಂದು ವಾರ ಅನ್ಸ್ತದೆ."

ನನ್ನ ನಗು ನಿಂತಿತು. ಅವ್ವ ಆ ಎಂಟು ದಿನಗಳನ್ನು ಇಷ್ಟು ವರ್ಷ ಕುಂಕುಮದ ಡಬ್ಬಿಯಲ್ಲಿಟ್ಟುಕೊಂಡಿದ್ದಳು. ಕಲ್ಲು ವಾಪಸು ಹೋಗುವಂತೆ ಕೊನೆಯ ಸಾಕ್ಷಿ ನುಡಿದವಳು ನಾನು, ಅದೂ ಸುಳ್ಳು ಸಾಕ್ಷಿ. ನನಗೆ ತುಂಬ ನಾಚಿಕೆಯಾಯಿತು. ಅವ್ವನಿಗೆ ಒಂದು ನೀಲ ಕೊಡಿಸಿಯೇ ತೀರುತ್ತೇನೆ ಎಂದು ಅಲ್ಲೇ ತೀರ್ಮಾನಿಸಿದೆ. ಬೀರು ಇವತ್ತಿಗೂ ಹಾಗೆಯೇ ಇದೆ.

ಹಬ್ಬ ಕಳೆದ ಮೇಲೆ ಅವ್ವನನ್ನು ನಾಲ್ಕನೇ ಬ್ಲಾಕಿಗೆ ಕರೆದೊಯ್ದೆ. ಶೆಟ್ಟರು ಈಗಿಲ್ಲ. ಅವರ ಮಗ, ತಂದೆಯ ಫೋಟೋದ ಕೆಳಗೆ, ತಂದೆಯದೇ ಮೂಗು ಇಟ್ಟುಕೊಂಡು ಕೂತಿದ್ದರು. ನೀಲ ಎಂದ ಕೂಡಲೇ ಪಾಠ ಶುರುಮಾಡಿದರು. ನೀಲವೂ ಮಾಣಿಕ್ಯವೂ ಚಾಕುವಿಗೆ ಸಾಣೆ ಹಿಡಿಯುವ ಕಲ್ಲೂ ಒಂದೇ ಜಾತಿಯಂತೆ. ಅದರೊಳಗೆ ಕಬ್ಬಿಣವೂ ಇನ್ನೊಂದು ಲೋಹವೂ ಒಂದು ಚಿಟಿಕೆ, ಸರಿಯಾದ ಹದದಲ್ಲಿ ಸೇರಿದರೆ ಮಾತ್ರ ಈ ನೀಲಿ. ಕಾಶ್ಮೀರದ ಗಣಿ ಬರಿದಾಗಿ ತಲೆಮಾರುಗಳೇ ಆದವಂತೆ. ಈಗ ಬರುವವುಗಳಲ್ಲಿ ಹೆಚ್ಚಿನವು ಬಣ್ಣ ಏರಲೆಂದು ಕುಲುಮೆಯಲ್ಲಿ ಕಾಯಿಸಿದವು, ಕಾಯಿಸದೆಯೇ ಬಣ್ಣ ಇರುವುದು ಬಲು ಅಪರೂಪವಂತೆ.

"ಇದು ಹೀಟೆಡ್ ಸ್ಟೋನು ಮೇಡಂ, ಸುಳ್ಳು ಹೇಳಲ್ಲ. ಒಳಗೆ ಕೂದಲೆಳೆ ಅಷ್ಟು ಗೆರೆನೂ ಇದೆ" ಎಂದು ಒಂದನ್ನು ತೋರಿಸಿದರು.

ಅವ್ವ ಆಗಲೇ ಬಗ್ಗಿದ್ದಳು, ಥೇಟ್ ಅವತ್ತಿನ ಹಾಗೆ. "ನಾನೂ ಬೆಂದಿದೀನಿ, ನಂಗೂ ಗೆರೆ ಬಿದ್ದವೆ. ಇದೇ ಇರ್ಲಿ ಬುಡು" ಎಂದಳು.

ನಾನು ಕಾರ್ಡು ತೆಗೆದೆ. ಅವರು ಕೈ ಅಡ್ಡ ಹಿಡಿದರು. "ಮೇಡಂ, ನೀಲ. ಎಂಟು ದಿನ ಇಟ್ಕೊಂಡು ನೋಡಿ. ನಮ್ಮಪ್ಪನ ಕಾಲದಿಂದ ಹಿಂಗೇ ಕೊಡೋದು. ಆಗಿ ಬಂದ್ರೆ ಆಮೇಲೆ ಮಾತಾಡೋಣ."

ನಾನು ಓದಿದವಳು, ವಿಜ್ಞಾನ ತಿಳಿದವಳು. ಈ ಮೂಢನಂಬಿಕೆಗಳ ಬಗ್ಗೆ ಅಲ್ಲೇ ಒಂದು ಸಣ್ಣ ಭಾಷಣ ಮಾಡಿದೆ. ಮೂರು ಜನ ಗಿರಾಕಿಗಳು ತಿರುಗಿ ನೋಡಿದರು. ಅವ್ವನಿಗೆ ಭಾಷಣವೂ ಬೇಕಿರಲಿಲ್ಲ, ನೀಲಿ ಬಟ್ಟೆಯೂ ಬೇಕಿರಲಿಲ್ಲ. "ಬಟ್ಟೇಲಿ ಕಟ್ಟಿದ್ರೆ ಕಾಣಾಕಿಲ್ಲ ಕಣಪ್ಪ" ಎಂದಳು. ಒಂದು ಸಾದಾ ಬೆಳ್ಳಿಯ ಉಂಗುರಕ್ಕೆ ಕಲ್ಲು ಕೂರಿಸಿಕೊಟ್ಟರು. ಅವ್ವ ಬಲಗೈಗೆ ಹಾಕಿಕೊಂಡು ಆಟೋದಲ್ಲಿ ದಾರಿಯುದ್ದಕ್ಕೂ ಕೈಯನ್ನು ಹೊರಗೆ ಬಿಸಿಲಿಗೆ ಹಿಡಿದಿದ್ದಳು. ಆಟೋದವನು, "ಅಜ್ಜಿ, ಕೈ ಒಳಗಿಟ್ಕೊಳಿ, ಬಸ್ಸು ಬರ್ತೈತೆ" ಎಂದು ಎರಡು ಸಲ ಗದರಿಕೊಂಡ.

ಎರಡನೆಯ ದಿನ ಮಿಕ್ಸಿ ಸುಟ್ಟಿತು. ಹನ್ನೆರಡು ವರ್ಷದ ಮಿಕ್ಸಿ, ಸುಡದೆ ಇನ್ನೇನು ಎಂದುಕೊಂಡೆ. ನಾಲ್ಕನೆಯ ದಿನ ಕದಿರೇನಹಳ್ಳಿ ಅಂಡರ್‌ಪಾಸಿನ ಹತ್ತಿರ ನನ್ನ ಸ್ಕೂಟರ್ ಜಾರಿ ಕನ್ನಡಿ ಒಡೆಯಿತು. ಅಲ್ಲಿ ಜಾರದ ಸ್ಕೂಟರ್ ಯಾವುದಿದೆ ಎಂದುಕೊಂಡೆ. ಆದರೆ ಹಾಗೆ ಅಂದುಕೊಳ್ಳುವಾಗ ಮನಸ್ಸಿನಲ್ಲೇ ‘ಎರಡು’ ಎಂದು ಎಣಿಸಿದ್ದೂ ನಿಜ. ಆರನೆಯ ದಿನ ಬೆಳಿಗ್ಗೆ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು.

ಮೂಳೆಗೆ ಏನೂ ಆಗಿರಲಿಲ್ಲ. ಬಲಗೈ ಮಣಿಕಟ್ಟು ಉಳುಕಿ ಬೆರಳೆಲ್ಲ ಬಾತಿತ್ತು. ಕ್ಲಿನಿಕ್ಕಿನಲ್ಲಿ ನರ್ಸ್ ಸೋಪು ಹಚ್ಚಿ ಉಂಗುರ ಬಿಡಿಸಿ ನನ್ನ ಅಂಗೈಗೆ ಹಾಕಿದಳು. ನನ್ನ ಓದು, ವಿಜ್ಞಾನ, ನಾಲ್ಕನೇ ಬ್ಲಾಕಿನ ಭಾಷಣ ಎಲ್ಲವೂ ಆ ಕ್ಷಣಕ್ಕೆ ಮಾಯವಾದವು. ನಾನು ಅಪ್ಪನ ಮಗಳು. 

"ಅವ್ವ, ಇದು ಬೇಡ. ಇವತ್ತೇ ವಾಪಸ್ ಕೊಟ್ಟು ಬರ್ತೀನಿ" ಎಂದೆ.

ಅವ್ವ ಹಾಸಿಗೆಯ ಮೇಲಿನಿಂದಲೇ ನನ್ನನ್ನು ದಿಟ್ಟಿಸಿ ನೋಡಿದಳು. "ಮತ್ತೆ ಸಾಕ್ಷಿ ಹೇಳಾಕೆ ನಿಂತ್ಯಾ?"

ನಾನು ಉಂಗುರವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡೆ.

"ಆ ಲೆಕ್ಕದ ಪೇಪರು ರಾಗಿ ಮೂಟೆ ಸಂದೀಲಿ ಇದ್ದಿದ್ದು ನಂಗೆ ಗೊತ್ತಿಲ್ಲ ಅಂದ್ಕಂಡಿದ್ಯಾ? ಕಲ್ಲು ಬರೋಕೆ ನಾಕು ದಿನ ಮುಂಚೇನೇ ನೋಡಿದ್ದೆ."

"ಮತ್ಯಾಕೆ ಅವತ್ತು ಹೇಳ್ಲಿಲ್ಲ?"

"ಹೇಳಿದ್ರೆ ನಿಮ್ಮಪ್ಪ ನಿಂಗೆ ಬಾರಿಸೋರು. ನೀನು ಸುಳ್ಳು ಬೇರೆ ಹೇಳಿದ್ದೆ, ಎರಡು ಪಟ್ಟು ಬೀಳೋದು. ಕಲ್ಲು ಹೋದ್ರೆ ಹೋಗ್ಲಿ ಅಂದ್ಕಂಡೆ."

ಅವ್ವ ಇದನ್ನು ಸಾರಿಗೆ ಉಪ್ಪು ಕಡಿಮೆ ಎನ್ನುವಷ್ಟು ಸಲೀಸಾಗಿ ಹೇಳಿದಳು. ಆಮೇಲೆ ಎಡಗೈ ಮುಂದೆ ಚಾಚಿ, "ಇದು ಚೆನ್ನಾಗೇ ಅದೆ ನೋಡು. ಇದಕ್ಕೆ ಹಾಕು" ಎಂದಳು. ಹಾಕಿದೆ. ಕಣ್ಣು ಮಂಜಾಗಿ, ಬೆರಳು ಯಾವುದು ಎಂದು ಹುಡುಕಿ ಹಾಕಬೇಕಾಯಿತು.

ಎಂಟನೆಯ ದಿನ ಇಬ್ಬರೂ ಜಯನಗರಕ್ಕೆ ಹೋದೆವು. ಅವ್ವ ಬ್ಯಾಂಡೇಜಿನ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು, ಉಂಗುರದ ಎಡಗೈಯನ್ನು ಗಾಜಿನ ಮೇಲೆ ಇಟ್ಟಳು. ಶೆಟ್ಟರ ಮಗ ಬ್ಯಾಂಡೇಜನ್ನೇ ನೋಡುತ್ತ ಕೇಳಿದರು.

"ಏನಜ್ಜಿ, ಆಗಿ ಬಂತಾ?"

"ಮಿಕ್ಸಿ ಸುಟ್ಟೋಯ್ತು" ಎಂದಳು ಅವ್ವ. "ಇವಳ ಗಾಡಿ ಬಿತ್ತು. ನನ್ನ ಕೈ ಉಳುಕ್ತು."

ಅವರು ಅಯ್ಯೋ ಎನ್ನುತ್ತ, ಕಲ್ಲು ವಾಪಸು ತೆಗೆದುಕೊಳ್ಳಲು ಸಣ್ಣ ತಟ್ಟೆಯನ್ನು ಅವಳ ಮುಂದೆ ಸರಿಸಿದರು. ಅವ್ವ ಎಡಗೈಯನ್ನು ಸರಕ್ಕನೆ ಎದೆಗೆ ಎಳೆದುಕೊಂಡಳು.

"ನಿಧಾನ ಕಣಪ್ಪ. ಹಳೇ ಮಿಕ್ಸಿ ಸುಡ್ತದೆ, ವಯಸ್ಸಾದ ಕೈ ಉಳುಕ್ತದೆ. ಅವೆಲ್ಲ ಹಿಂದೇನೂ ಆಗ್ತಿದ್ವು. ಈ ಸಲ ಆಗೋವಾಗ ನೋಡ್ಕಳಾಕೆ ಕೈಲಿ ಇದೊಂದು ಇತ್ತು. ನಂಗೆ ಆಗಿ ಬಂದದೆ. ಚಿನ್ನ ಗಿನ್ನ ಬೇಡ, ಬೆಳ್ಳೀಲೇ ಇರ್ಲಿ. ಚಿನ್ನಕ್ಕೆ ಅಂತ ಬಿಚ್ಚಿಕೊಟ್ರೆ ಮತ್ತೆ ನಾಕು ದಿನ ನೀವು ಮಡಿಕ್ಕಂತೀರ."

ನಾನು ಕಾರ್ಡು ತೆಗೆದೆ. ಅವ್ವ ಅಷ್ಟಕ್ಕೇ ಏಳಲಿಲ್ಲ. ಒಂದೇ ಕೈಯಲ್ಲಿ ಕಷ್ಟಪಟ್ಟು ತನ್ನ ಪರ್ಸಿನ ಜಿಪ್ ಎಳೆದು, ಬಣ್ಣ ಮಾಸಿದ ನೀಲಿ ಬಟ್ಟೆಯ ಗಂಟನ್ನು ತೆಗೆದು, ಖಾಲಿ ಉಳಿದಿದ್ದ ತಟ್ಟೆಯ ನಡುವೆ ಜೋಪಾನವಾಗಿ ಇಟ್ಟಳು.

"ಇದು ನಮ್ಮೆಜಮಾನ್ರು ಕಟ್ಕಂಡಿದ್ದು. ನಿಮ್ಮಪ್ಪಂಗೆ ಆವಾಗ್ಲೇ ವಾಪಸ್ ಕೊಡ್ಬೇಕಾಗಿತ್ತು, ತಡ ಆಯ್ತು. ಅವರ್ಗೆ ಇದು ಆಗಿ ಬರ್ಲಿಲ್ಲ."